ಅಳಿಸಿದ ಡಿಸ್ಕಿನಲ್ಲಿ ಉಳಿದ ಪದ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವನಲ್ಲ. ಕುಷ್ಟಗಿಯಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. "ನಮ್ಮ ಮಷೀನಿಗೆ ಯಾರೋ ಏನೋ ಮಾಡಿಸ್ಯಾರ್ರಿ" ಎಂದು ಮಾನಿಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ತಂದವರನ್ನೂ ಕಂಡಿದ್ದೇನೆ. ಬಿಚ್ಚಿ ನೋಡಿದರೆ ಧೂಳು, ಇರುವೆ, ಇಲ್ಲವೇ ವೈರಸ್. ಮೂರಕ್ಕೂ ಮದ್ದು ಇದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬಂದು ಹೇಳಿದ್ದರೆ ನಕ್ಕು, ಚಹಾ ಕುಡಿಸಿ ಕಳಿಸುತ್ತಿದ್ದೆ.

ಹನುಮಸಾಗರದಲ್ಲಿ ಮೌಲಾಸಾಬ್ ಎಂಬವರ ಮೊಬೈಲ್ ಅಂಗಡಿ ಇದೆ. ಸುತ್ತಲಿನ ಹಳ್ಳಿಯವರ ಮೆಮೊರಿ ಕಾರ್ಡುಗಳಿಗೆ ಹಾಡು ತುಂಬಿಸಿಕೊಡುವುದು ಆಗ ಅವರ ಮುಖ್ಯ ಕೆಲಸ. ಹಾಡುಗಳೆಲ್ಲ ಒಂದು ಕಪ್ಪು ಹಾರ್ಡ್ ಡಿಸ್ಕಿನಲ್ಲಿದ್ದವು. ಸಂತೆಯ ದಿನವಂತೂ ಊರೂರಿನ ಕಾರ್ಡುಗಳು ಆ ಕಂಪ್ಯೂಟರಿಗೆ ಹೋಗಿ ಬರುತ್ತಿದ್ದವು. ಯಾವುದೋ ಕಾರ್ಡಿನ ಜೊತೆ ಒಂದು ಕೆಟ್ಟ ವೈರಸ್ ಬಂದು ಎಲ್ಲ ಹಾಡುಗಳಿಗೂ ಬೀಗ ಹಾಕಿಬಿಟ್ಟಿತು. ಹೆಸರು ಕಾಣುತ್ತಿತ್ತು, ಒಂದೂ ತೆರೆಯುತ್ತಿರಲಿಲ್ಲ. ಆಮೇಲೆ ಹಾಡು ತುಂಬಿಸಲು ಬಂದ ಕಾರ್ಡುಗಳೂ ಕೆಟ್ಟು, ಒಬ್ಬರ ಮಗಳ ಮದುವೆಯ ಫೋಟೋಗಳೆಲ್ಲ ಹೋದವು.

ನಾನು ಹೋಗಿ ಕಂಪ್ಯೂಟರನ್ನು ಎರಡು ಸಲ ಸ್ವಚ್ಛ ಮಾಡಿ ಬಂದೆ. ಎರಡು ಸಲವೂ ವಾರದೊಳಗೆ ಅದೇ ವೈರಸ್ ಮತ್ತೆ ಹಾಜರು. ಮೂರನೆಯ ಸಲ ಮೌಲಾಸಾಬರನ್ನು ಸಿಟ್ಟಿನಿಂದಲೇ ಕೇಳಿದೆ. ಆ ಕಪ್ಪು ಡಿಸ್ಕನ್ನು ಮುಟ್ಟಬೇಡಿ ಎಂದು ಹೇಳಿ ಹೋಗಿದ್ದರೂ, ನಾನು ಬಸ್ಸು ಹತ್ತಿದ ಮೇಲೆ ಅದನ್ನು ಕಂಪ್ಯೂಟರಿಗೆ ಹಚ್ಚಿ ನೋಡುತ್ತಿದ್ದರಂತೆ.

"ಅದರಾಗ ನಮ್ಮ ಅಣ್ಣನ ಪದ ಐತ್ರಿ ಸರ. ಒಮ್ಯಾರ ತೆರೀತೈತೇನೋ ಅಂತ ನೋಡ್ತಿದ್ನಿರಿ" ಎಂದರು.

ಅವರ ಅಣ್ಣ ಮೊಹರಂನ ಅಲಾಯಿ ಹಬ್ಬದಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಿದ್ದವರು. ತೀರಿಕೊಳ್ಳುವ ಮೊದಲು ಒಂದು ಪದವನ್ನು ತಮ್ಮನ ಮೊಬೈಲಿನಲ್ಲಿ ಹಾಡಿಟ್ಟಿದ್ದರು. ಗುರುವಿನಿಂದ ಅವರಿಗೆ ಬಂದ ಆ ಪದ ಊರಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. "ಇದನ್ನ ಯಾರ ಕಾರ್ಡಿಗೂ ಹಾಕಬ್ಯಾಡ. ಹಾಡಾವ್ರು ಸಿಕ್ಕರ ಮುಂದ ಕುಂದರಿಸಿ, ಇದನ್ನ ಕೇಳಿಸಿ ಕಲಿಸು" ಎಂದು ತಮ್ಮನಿಂದ ಮಾತು ತೆಗೆದುಕೊಂಡಿದ್ದರು. ಆ ಮೊಬೈಲು ಕೆಟ್ಟು ಎಷ್ಟೋ ವರ್ಷವಾಗಿ, ಪದ ಈ ಡಿಸ್ಕಿನಲ್ಲಷ್ಟೇ ಉಳಿದಿತ್ತು. ಊರಿಗೆಲ್ಲ ಹಾಡು ಹಂಚಿದ ಮನುಷ್ಯ, ಮಾತಿಗೆ ಕಟ್ಟುಬಿದ್ದು ಅದೊಂದನ್ನು ಯಾರಿಗೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹತ್ತು ಮನೆಗಳಲ್ಲಿ ಇರುತ್ತಿತ್ತು.

ಬೀಗ ತೆಗೆಯಲು ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ಗಂಗಾವತಿಯಲ್ಲಿರುವ ಗೆಳೆಯನಿಗೂ ತೋರಿಸಿದೆ. ಆಗಲಿಲ್ಲ. ಡಿಸ್ಕು ಅಂಗಡಿಯಲ್ಲಿದ್ದಷ್ಟು ದಿನ ಇವರು ಹಚ್ಚುವುದನ್ನು ಬಿಡುವುದಿಲ್ಲ, ವೈರಸ್ ಹೋಗುವುದಿಲ್ಲ. ನನಗೂ ಓಡಾಡಿ ಸಾಕಾಗಿತ್ತು. ಪೂರ್ತಿ ಅಳಿಸಿ ತಂದುಕೊಡುತ್ತೇನೆ ಎಂದೆ. ಮೌಲಾಸಾಬ್ ಡಿಸ್ಕಿನ ವೈರನ್ನು ತಾವೇ ಬಿಚ್ಚಿ ಸುತ್ತಿದರು. ಆಮೇಲೆ, "ಆತು, ಒಯ್ರಿ. ಇದರಿಂದ ಮಂದೀದು ಹಾಳಾಗೂದು ಬ್ಯಾಡ" ಎಂದು ಕೈಗೆ ಕೊಟ್ಟರು.

ಅಳಿಸುವುದೆಂದರೆ ಡಿಲೀಟ್ ಮಾಡುವುದಲ್ಲ. ಡಿಲೀಟ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ, ಕಣ್ಣಿಗೆ ಕಾಣದಂತೆ ಕೂತಿರುತ್ತದೆ ಅಷ್ಟೆ. ಡಿಸ್ಕಿನ ಈ ತುದಿಯಿಂದ ಆ ತುದಿಯವರೆಗೆ ಸೊನ್ನೆ ಬರೆಸಬೇಕು. ಅದಕ್ಕೆಂದೇ ಇಂಟರ್ನೆಟ್ ಇಲ್ಲದ ಹಳೆಯ ಕಂಪ್ಯೂಟರೊಂದನ್ನು ಬೇರೆ ಇಟ್ಟಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು ಮಧ್ಯಾಹ್ನ ಮೂರರ ಸುಮಾರಿಗೆ ಮುಗಿಯಿತು. ಅಲ್ಲಲ್ಲಿ ಓದಿಸಿ ನೋಡಿದೆ, ಬರೀ ಸೊನ್ನೆ. ಹೊಸದಾಗಿ ಫಾರ್ಮ್ಯಾಟ್ ಮಾಡಿ ತೆರೆದೆ.

ಒಂದು ಫೈಲು ಇತ್ತು. 'ಅಣ್ಣ' ಎಂದು ಅದರ ಹೆಸರು.

ತೆರೆಯಲಾರದು ಎಂದುಕೊಂಡೇ ಒತ್ತಿದೆ. ತೆರೆಯಿತು. ವಯಸ್ಸಾದ ಗಂಡಸಿನ ಒಡಕು ದನಿ, ಪಕ್ಕದಲ್ಲಿ ಯಾರೋ ತಾಳಕ್ಕೆ ತೊಡೆ ತಟ್ಟುವ ಸದ್ದು. ನಡುವೆ ಕೆಮ್ಮಿ, "ಮೌಲಾ, ಒಂದೀಟು ನೀರು ಕೊಡೋ" ಎಂದು ಕುಡಿದು, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡ ಆ ದನಿ. ಎರಡು ನಿಮಿಷ ಕೇಳಿದೆನೋ ಏನೋ, ನಿಲ್ಲಿಸಿದೆ. ಬಾಗಿಲಾಚೆ ಸುಡು ಬಿಸಿಲಲ್ಲಿ ಟಂಟಂ ಗಾಡಿಯವರು ಜನರನ್ನು ಕೂಗುತ್ತಿದ್ದರು.

ಅಳಿಸುವುದರಲ್ಲೇ ತಪ್ಪಾಗಿತ್ತು ಎಂದುಕೊಳ್ಳೋಣ. ಹಾಗಾದರೂ ಉಳಿಯಬೇಕಾದದ್ದು ಬೀಗ ಬಿದ್ದ ಫೈಲು. ಈ ಡಿಸ್ಕು ನನ್ನ ಕೈಗೆ ಬರುವ ಎಷ್ಟೋ ದಿನ ಮೊದಲೇ ಅದಕ್ಕೆ ಬೀಗ ಬಿದ್ದಿತ್ತು. ನನ್ನ ಯಾವ ಕಂಪ್ಯೂಟರಿನಲ್ಲೂ ಆ ಪದ ಒಂದು ದಿನವೂ ಇರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಇದು ಉಳಿದಿದೆ ಎಂದರೆ ವೈರಸ್ಸೂ ಉಳಿದಿರಬಹುದು. ರೋಗ ಬಂದ ಡಿಸ್ಕಿನಿಂದ ಒಂದು ಅಕ್ಷರವನ್ನೂ ಹೊರಗೆ ಬಿಡಬಾರದು ಎಂಬುದು ನನ್ನ ಕಸುಬಿನ ನೇಮ. ಮೌಲಾಸಾಬರಿಗೆ ಹೇಳೋಣವೆಂದು ಫೋನು ಎತ್ತಿಕೊಂಡೆ. ಹೇಳಿದರೆ ಅವರು ಬೇಕು ಎನ್ನುತ್ತಾರೆ, ನಾನು ಕೊಡುತ್ತೇನೆ, ಮತ್ತೆ ಅದೇ ಓಡಾಟ. ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ, ಬೆನ್ನು ಹಿಡಿದುಕೊಂಡಿತ್ತು. ಒಮ್ಮೆ ಮುಗಿದರೆ ಸಾಕು ಎನ್ನಿಸಿತು. ಫೋನು ಕೆಳಗಿಟ್ಟು ಎರಡನೆಯ ಸಲ ಅಳಿಸಲು ಹಚ್ಚಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮತ್ತೆ ಫಾರ್ಮ್ಯಾಟ್ ಮಾಡಿ ತೆರೆದು ನೋಡಿದರೆ ಏನೂ ಇರಲಿಲ್ಲ. ಈಗ ಆ ಫೈಲು ಇದ್ದರೆ ಸಾಕು ಎನ್ನಿಸುತ್ತಿತ್ತು. ಮುಚ್ಚಿ ತೆರೆದೆ, ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿದೆ, ಕಳೆದ ಫೈಲು ಹುಡುಕಿ ತೆಗೆಯುವ ಎಲ್ಲ ಉಪಾಯ ಮಾಡಿದೆ. ಸೊನ್ನೆ ಬಿಟ್ಟರೆ ಏನೂ ಸಿಗಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಮೌಲಾಸಾಬ್ ತಾವೇ ಕುಷ್ಟಗಿಗೆ ಬಂದರು. ಡಿಸ್ಕನ್ನು ಒರೆಸಿ ಜೇಬಿಗೆ ಹಾಕಿಕೊಂಡು, "ಏನರ ಉಳೀತೇನ್ರಿ ಸರ?" ಎಂದು ಕೇಳಿದರು.

"ಏನೂ ಉಳಿದಿಲ್ರಿ. ಪೂರ್ತಿ ಸ್ವಚ್ಛ ಆಗೈತಿ" ಎಂದೆ.

"ಇರ್ಲಿ ಬಿಡ್ರಿ. ಇದ್ದಿದ್ರ ನೀವು ಹೆಂಗರ ಮಾಡಿ ಉಳಸ್ತಿದ್ರಿ, ನನಗ ಗೊತ್ತೈತಿ."

ಅವರ ಅಂಗಡಿಗೆ ಆ ವೈರಸ್ ಮತ್ತೆ ಬರಲಿಲ್ಲ. ಆ ಪದ ಹೇಗೆ ಬಂದು ಕೂತಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದವರನ್ನು ಕೇಳಿದ್ದೇನೆ, ದಣಿವಿಗೆ ಹಾಗೆ ಕಂಡಿರಬೇಕು ಎನ್ನುತ್ತಾರೆ. ಇರಬಹುದು. ಆದರೆ ನೀರು ಕೇಳಿದ ಆ ದನಿಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೌಲಾಸಾಬರಿಗೆ ಮಾತ್ರ ಇದನ್ನು ಹೇಳಿಲ್ಲ. ಅವರು ನಂಬುವುದಿಲ್ಲ ಎಂದಾಗಿದ್ದರೆ ಯಾವತ್ತೋ ಹೇಳಿ ಹಗುರಾಗುತ್ತಿದ್ದೆ. ಅವರು ನಂಬುತ್ತಾರೆ.