ಓಕ್ ಮರದ ನೆರಳಿನ ಹಕ್ಕುದಾರರು

ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಗೂ ಕಾರು ನಿಲ್ಲಿಸಲು ನಂಬರು ಬರೆದ ಜಾಗವಿದೆ. ನಂಬರಿಲ್ಲದ್ದು ಒಂದೇ ಒಂದು, ಹಿಂದಿನ ಗೇಟಿನ ಬಳಿ ಓಕ್ ಮರದ ಕೆಳಗಿನದು. ಇಡೀ ಕಾಂಪೌಂಡಿಗೆ ನೆರಳೆಂದರೆ ಅಷ್ಟೇ. ನಂಬರಿನ ಜಾಗ ಗಂಡನಿಗೆ, ನೆರಳು ನನಗೆ ಎಂದು ಮನೆಯೊಳಗೇ ತೀರ್ಮಾನವಾಗಿ ಹನ್ನೊಂದು ವರ್ಷ ಕಳೆದಿತ್ತು. ಯಾರೂ ಕೊಟ್ಟದ್ದಲ್ಲ, ಯಾರೂ ಕೇಳಿರಲೂ ಇಲ್ಲ. ಹಾಗಾಗಿ ಅದು ನನ್ನದೇ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಆಫೀಸಿನಿಂದ ಬಂದರೆ ಅಲ್ಲಿ ಬೇರೆ ಕಾರು. ಬಾನೆಟ್ಟಿನ ಮೇಲೆ ಕುಂಕುಮ, ಚಕ್ರದ ಹತ್ತಿರ ಅಪ್ಪಚ್ಚಿಯಾದ ನಿಂಬೆಹಣ್ಣು. ನಮ್ಮವರೇ ಎಂದು ಗೊತ್ತಾದ ಮೇಲೆ ಪಿತ್ತ ಪೂರ್ತಿ ನೆತ್ತಿಗೇರಿತು.

ಆಫೀಸಿನಲ್ಲಿ ಯಾರಾದರೂ ಹೊರಗಿನವರು ಜಾಸ್ತಿಯಾದರು ಎಂದರೆ, ಈ ದೇಶದಲ್ಲಿ ಎಲ್ಲರೂ ಬಂದವರೇ ಎಂದು ಭಾಷಣ ಬಿಗಿಯುವವಳು ನಾನು. ಆದರೆ ಪಾರ್ಕಿಂಗಿನ ಮಾತೇ ಬೇರೆ.

ಕಾರಿನಿಂದ ಗ್ರೋಸರಿ ಇಳಿಸುತ್ತಿದ್ದವಳು ಮಂಡ್ಯ ಕಡೆಯ ಹುಡುಗಿ, ಬಂದು ಮೂರು ತಿಂಗಳಾಗಿತ್ತು.

"ಹನ್ನೊಂದು ವರ್ಷದಿಂದ ಇಲ್ಲೆ ನಮ್ಮ ಗಾಡಿನ ನಿಲ್ಲತದ," ಎಂದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಹುಬ್ಬಳ್ಳಿ ಬರುತ್ತದೆ.

"ಬೋರ್ಡೇನೂ ಕಾಣ್ನಿಲ್ವಲ್ಲಕ್ಕ," ಎಂದಳು. "ಅದ್ಕೂ ಮುಂಚೆ ಯಾರ್ ನಿಲ್ಲಿಸ್ತಿದ್ರು?"

ಒಬ್ಬರು ವಿಯೆಟ್ನಾಮಿ ಹಿರಿಯರು. ಅವರು ಮಗಳ ಮನೆಗೆ ಹೊರಟ ದಿನ, ಸಾಮಾನಿನ ಟ್ರಕ್ಕು ಗೇಟು ದಾಟುವುದರೊಳಗೆ ನಾನು ಕಾರು ನುಗ್ಗಿಸಿದ್ದೆ. ಅದನ್ನು ಇವಳಿಗೆ ಹೇಳಲಿಲ್ಲ.

"ಅವ್ರನ್ನೇ ಕೇಳನ ಬನ್ನಿ," ಎಂದು ಅವಳು ಗೇಟಿನ ಪಕ್ಕ ನಲ್ಲಿ ರಿಪೇರಿ ಮಾಡುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸದವನತ್ತ ಕೈ ತೋರಿದಳು. ಅರವತ್ತು ದಾಟಿದ ಆತ ಇಲ್ಲಿ ನನಗಿಂತ ಹಳಬ. ಮೊದಲು ಬಂದವರು ಯಾರು ಹೇಳಪ್ಪಾ ಎಂದು ಇಂಗ್ಲಿಷಿನಲ್ಲಿ ನ್ಯಾಯ ಕೇಳಿದೆ.

ಆತ ಕೈ ಒರೆಸಿಕೊಂಡು ನಕ್ಕ. "ನನ್ನನ್ನ ಕೇಳ್ತೀರಾ? ನಮ್ಮಮ್ಮನ ಕಡೆಯವರು ಓಲೋನಿ ಜನ. ಸ್ಪೇನಿನ ಪಾದ್ರಿಗಳು ಬರೋಕೆ ಮೊದಲೇ ಇದೇ ಕಣಿವೇಲಿದ್ದೋರು. ಇಂಥ ಮರದ ಕಾಯಿ ಕುಟ್ಟಿ ಗಂಜಿ ಮಾಡಿ ಕುಡಿದೋರು."

ನಮ್ಮ ಸಿಂಕನ್ನು ಎಷ್ಟೋ ಸಲ ಬಿಚ್ಚಿ ಜೋಡಿಸಿದ ಮನುಷ್ಯನನ್ನು ಮೆಕ್ಸಿಕೋದವನು ಎಂದುಕೊಂಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ದಾನಶೂರಳಾಗುತ್ತೇನೆ.

"ಹಾಗಾದರೆ ಈ ಜಾಗ ನಿಮ್ಮದೇ. ನಾಳೆಯಿಂದ ನಿಮ್ಮ ಟ್ರಕ್ಕು ಇಲ್ಲೇ ನಿಲ್ಲಲಿ," ಎಂದೆ. ಮಂಡ್ಯದವಳೂ ತಲೆಯಾಡಿಸಿದಳು.

"ಆಗಲ್ಲ," ಎಂದ ಆತ. ಇಲ್ಲಿನ ಬಾಡಿಗೆ ತಾಳಲಾರದೆ ಸಂಸಾರ ಬೆಟ್ಟದಾಚೆಯ ಟ್ರೇಸಿ ಎಂಬ ಊರಿಗೆ ಹೋಗಿ ವರ್ಷಗಳಾಗಿದ್ದವಂತೆ. ದಿನವೂ ಎರಡು ಗಂಟೆ ಫ್ರೀವೇಯಲ್ಲಿ ಕಳೆದು, ಟ್ರಕ್ಕನ್ನು ಆಚೆ ಬೀದಿಯಲ್ಲಿ ಬಿಟ್ಟು ನಡೆದು ಬರುತ್ತಾನೆ. "ಒಳಗೆ ನಿಲ್ಲಿಸೋಕೆ ಇಲ್ಲಿ ವಾಸ ಇರೋರಿಗೆ ಮಾತ್ರ ಪರ್ಮಿಷನ್ನು. ನೀವಿಬ್ಬರೂ ದಿನ ಬಿಟ್ಟು ದಿನ ನಿಲ್ಲಿಸಿಕೊಳ್ಳಿ."

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆತ ಸ್ಪ್ಯಾನರು ಎತ್ತಿಕೊಂಡು ಬಿಸಿಲಲ್ಲೇ ಗೇಟು ದಾಟಿ ಹೋದ.

ಈಗ ಆತ ಹೇಳಿದಂತೆಯೇ ನಡೆಯುತ್ತಿದೆ. ಈ ಸೋಮವಾರ ನನ್ನದು.