ತಪ್ಪಿಗೆ ಐದು ಅಂಕ

ರಾಣೆಬೆನ್ನೂರಿನ ಬಿ.ಎಡ್. ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ಅಧ್ಯಾಪಕರಿಗೆ ನ್ಯಾಯವೆಂದರೆ ಪ್ರಾಣ. ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತ "ಎಲ್ಲಾರಿಗೂ ಒಂದ ತಕ್ಕಡಿರಿ" ಎನ್ನುತ್ತಿದ್ದರು. ಶಾಲೆಗಳಲ್ಲಿ ಪಾಠ ಮಾಡಿ ಬಂದ ವಿದ್ಯಾರ್ಥಿಗಳು ಬರೆಯುವ ಆತ್ಮಾವಲೋಕನಕ್ಕೂ ಅವರೊಂದು ರೂಬ್ರಿಕ್ಸ್, ಅಂದರೆ ಯಾವುದಕ್ಕೆ ಎಷ್ಟು ಅಂಕವೆಂಬ ಪಟ್ಟಿ, ಮಾಡಿದ್ದರು. ಭಾಷೆಗೆ ಐದು ಅಂಕ, ತಪ್ಪು ಒಪ್ಪಿಕೊಂಡರೆ ಐದು, ಅದರಿಂದ ಮನಸ್ಸು ಬದಲಾದರೆ ಹತ್ತು.

ವಿದ್ಯಾರ್ಥಿಗಳು ಜಾಣರು. ಹಲಗೇರಿಯ ಶಾಲೆಗೆ ಹೋಗುವ ಬಸ್ಸಿನಲ್ಲೇ ಕೂತು, ಯಾರು ಯಾವ ತಪ್ಪು ಮಾಡಬೇಕೆಂದು ಹಂಚಿಕೊಂಡರು. ಪಶ್ಚಾತ್ತಾಪದಲ್ಲಿ ತೊಯ್ದ ಆ ಬರಹಗಳನ್ನು ಓದಿ ನಮ್ಮ ಅಧ್ಯಾಪಕರು ಕನ್ನಡಕದ ಜೊತೆಗೆ ಕಣ್ಣನ್ನೂ ಒರೆಸಿಕೊಂಡರು.

ಮೇಡ್ಲೇರಿಯ ಹುಡುಗಿಯೊಬ್ಬಳು ಮಾತ್ರ, ಪಾಠ ಚೆನ್ನಾಗಿ ಆಯಿತು, ಮಕ್ಕಳಿಗೆ ಭಿನ್ನರಾಶಿ ತಿಳಿಯಿತು ಎಂದು ಬರೆದಳು. ಭಾಷೆಗೆ ಐದು ಬಂತು, ಉಳಿದಲ್ಲೆಲ್ಲ ಸೊನ್ನೆ. ಐದೇ ಅಂಕಕ್ಕೆ ಪಾಸಾಗುವಂತಿರಲಿಲ್ಲ. ಕೇಳಲು ಬಂದವಳಿಗೆ ಅವರು "ತಪ್ಪ ಇಲ್ಲದ ಮನಷ್ಯಾ ಇರ್ತಾನೇನವಾ? ಹುಡುಕಬೇಕು" ಎಂದರು.

"ಈ ರೂಬ್ರಿಕ್ಸ್‌ನ್ಯಾಗ ಏನರ ತಪ್ಪ ಐತೇನ್ರಿ ಸರ್?"

"ಏನೂ ಇಲ್ಲ. ಭಾಳ ವಿಚಾರ ಮಾಡಿ ಮಾಡೇನಿ."

"ಹಂಗಾದ್ರ ಇಪ್ಪತ್ತಕ್ಕ ನಿಮಗೂ ಐದ ಬರ್ತಾವಲ್ರಿ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಮಾತು ನಿಜಕ್ಕೂ ನಾಟಿರಬೇಕು, ಮರುದಿನವೇ ರೂಬ್ರಿಕ್ಸ್ ತಿದ್ದಿ ತಂದು ನನಗೆ ತೋರಿಸಿದರು. ಕೊನೆಗೆ ಹೊಸದೊಂದು ಸಾಲು ಸೇರಿತ್ತು: ವಿನಯಕ್ಕೆ ಐದು ಅಂಕ.

"ಈಗ ಖರೇ ನ್ಯಾಯ ಆತು ನೋಡ್ರಿ" ಎಂದರು. ಆ ಸಾಲಿನಲ್ಲಿ ಅವಳಿಗೆ ಆಗಲೇ ಸೊನ್ನೆ ಬಿದ್ದಿತ್ತು.