ನನ್ನ ಸಹಿ ನನ್ನದಲ್ಲ ಎಂದ ದಿನ

೧೯೫೪ರಲ್ಲಿ, ಐದನೇ ಕ್ಲಾಸಿಗೆ, ನಾನು ಓದು ಬಿಟ್ಟೆ. ಶಾಲೆ ಕೊಟ್ಟದ್ದರಲ್ಲಿ ಕೊನೆತನಕ ಉಳಿದದ್ದು ನನ್ನ ಸಹಿ — ಅದನ್ನೂ ಒಂದು ದಿನ ಅಧಿಕಾರಿಯ ಎದುರು ನನ್ನದಲ್ಲ ಎಂದೆ. ಸುಳ್ಳು ಹೇಳಿದೆ, ನೀಲಕ್ಕ. ನೀನು ಪಕ್ಕದಲ್ಲೇ ನಿಂತಿದ್ದಿ.

ಓದುವವರಿಗೆ ತಿಳಿಯಲಿ: ನಾನು ನ್ಯಾಮತಿ ಕಡೆಯ ಹಳ್ಳಿಯೊಂದರ ಗಾರೆ ಮೇಸ್ತ್ರಿ. ನೀಲಕ್ಕ ನಮ್ಮ ಕೇರಿಯವಳು, ನಾನು ಕಟ್ಟಿದ ಗೋಡೆಗಳಿಗೆಲ್ಲ ಗಾರೆ ಹೊತ್ತವಳು. ನಮ್ಮೂರಲ್ಲಿ ಪಂಚಾಯ್ತಿಗೆ ಓಟು ನಡೆದದ್ದೇ ಇಲ್ಲ. ಗೌಡರ ಅಂಗಳದಲ್ಲಿ ನಾಲ್ಕು ಜನ ಕೂತು ಒಂದು ಹೆಸರು ಹೇಳುತ್ತಿದ್ದರು. ಆ ಹೆಸರಿನ ಎದುರು ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಆದ್ದರಿಂದ ಆತನೇ ಮೆಂಬರು. ಅವಿರೋಧ ಆಯ್ಕೆ ಎಂದು ಪೇಡಾ ಹಂಚುತ್ತಿದ್ದರು. ನಾನೂ ತಿಂದಿದ್ದೇನೆ — ನೆನೆದರೆ ನನ್ನ ನಾಲಿಗೆ ನನಗೇ ಹೇಸಿಗೆ.

ಎಪ್ಪತ್ತರ ದಶಕದ ಕೊನೆಯ ಚುನಾವಣೆಗೆ ನೀನು ನಿಲ್ಲುತ್ತೇನೆ ಎಂದಿ. ಹಳ್ಳದ ಒರತೆ ತೋಡಿ ಕುಡಿದದ್ದು ಸಾಕು, ಕೇರಿಗೊಂದು ಬೋರಿಂಗ್ ಹಾಕಿಸಬೇಕು ಎಂದಿ. ನಾಮಪತ್ರಕ್ಕೆ ಸೂಚಕನ ಸಹಿ ಬೇಕಿತ್ತು. ಕೇರಿಯಲ್ಲಿ ಹೆಬ್ಬೆಟ್ಟು ಒತ್ತದವನು ನಾನೊಬ್ಬ — ಆ ಹಮ್ಮು ನನಗಿತ್ತು. ನಿನ್ನ ಎದುರೇ ದೊಡ್ಡದಾಗಿ ಬರೆದುಕೊಟ್ಟೆ.

ಮರುದಿನ ಗೌಡರು ಕರೆಸಿದರು. ಆ ಅಂಗಳದ ಗೋಡೆ ಕಟ್ಟಿದವನು ನಾನೇ. ಆದರೂ ಅಲ್ಲಿ ಎಂದೂ ನಿಂತೇ ಮಾತಾಡಿದವನು. ಅಂದು ಕುರ್ಚಿ ತರಿಸಿದರು.

“ಕುಂತ್ಕಳ್ರಿ ಮೇಸ್ತ್ರಿ. ಓಟು ಬಂತಂದ್ರೆ ಊರು ಒಡಿತೈತೆ. ಕಟ್ಟೋ ಕೈ ನಿಮ್ದು, ಒಡಿಯಾಕೆ ಯಾಕೆ ಹೋಗ್ತೀರಿ?”

ಬೆದರಿಸಿದ್ದರೆ ತಿರುಗಿ ಬೀಳುತ್ತಿದ್ದೆನೇನೋ. ದುಡ್ಡು ತೋರಿಸಿದ್ದರೆ ಉಗಿದು ಬರುತ್ತಿದ್ದೆನೇನೋ. ಒಂದು ಕಬ್ಬಿಣದ ಕುರ್ಚಿ, ಮಾತಿನ ತುದಿಗೊಂದು ‘ರಿ’ — ಅಷ್ಟಕ್ಕೇ ನಾನು...

ಹೊನ್ನಾಳಿಯಲ್ಲಿ ನಾಮಪತ್ರ ಪರಿಶೀಲನೆ. ಸೂಚಕನ ಸಹಿ ಖೋಟಾ ಎಂದು ಗೌಡರ ಕಡೆಯವರು ತಕರಾರು ಎತ್ತಿದರು. ಅಧಿಕಾರಿ ಕಾಗದವನ್ನು ನನ್ನ ಕಡೆ ತಿರುಗಿಸಿ, ಇದು ನಿನ್ನ ಸಹಿಯೇ ಎಂದು ಕೇಳಿದರು.

“ನಂದಲ್ಲ ಸಾರ್.”

ನಿನ್ನ ನಾಮಪತ್ರ ತಿರಸ್ಕಾರವಾಯಿತು. ಉಳಿದವನು ಗೌಡರ ಭಾವಮೈದ ಒಬ್ಬನೇ. ಓಟಿನ ಪೆಟ್ಟಿಗೆ ಊರಿಗೆ ಬರಲೇ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಖ ತಪ್ಪಿಸಿ ನಿಂತಿದ್ದೆ. ನೀನು ಸರಿದು ಜಾಗ ಮಾಡಿದಿ. “ಕುಂತ್ಕ ತಮ್ಮಾ. ಹಿಂಗೇ ನಿಂತ್ರೆ ಕಾಲೂ ನಂದಲ್ಲ ಅಂದ್ಬಿಟ್ಟೀಯ” ಎಂದಿ. ಬಸ್ಸಲ್ಲಿದ್ದವರು ನಕ್ಕರು. ನಾನು ಕೂರಲಿಲ್ಲ.

ಬೋರಿಂಗ್ ಬಂತು — ಗೌಡರ ದನದ ಕೊಟ್ಟಿಗೆಯ ಪಕ್ಕ. ಅದರ ಕಟ್ಟೆ ಕಟ್ಟಿದವನು ನಾನು, ಗಾರೆ ಹೊತ್ತವಳು ನೀನು. ಅವರ ಎಮ್ಮೆಗಳು ಕುಡಿದ ಮೇಲೆ ನಮ್ಮ ಕೇರಿಯ ಕೊಡಗಳ ಸರದಿ, ಇವತ್ತಿಗೂ ಅಷ್ಟೇ. ಸರದಿಯಲ್ಲಿ ನಿನ್ನನ್ನು ಕಂಡಾಗ ನನ್ನ ಕೈ ನೋಡಿಕೊಳ್ಳಲು ಅಸಹ್ಯವಾಗುತ್ತದೆ.

ಈಗ, ೧೯೮೬ರಲ್ಲಿ, ಮಂಡಲ ಪಂಚಾಯ್ತಿ ಚುನಾವಣೆ ಬರುತ್ತದಂತೆ. ಆ ಅಂಗಳದಲ್ಲಿ ಮತ್ತೆ ಅವಿರೋಧದ ಮಾತು. ಕಾನೂನು ಬದಲಾಗಬೇಕು ಎಂದು ನಾನು ಕೆಲಸಕ್ಕೆ ಹೋದ ಊರುಗಳಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದೇನೆ: ಒಬ್ಬನೇ ನಿಂತರೂ ಪೆಟ್ಟಿಗೆ ಇಡಬೇಕು, ಇವನು ಬೇಡ ಎಂದು ಮುದ್ರೆ ಒತ್ತಲು ಓಟಿನ ಚೀಟಿಯಲ್ಲಿ ಒಂದು ಚೌಕದ ಮನೆ ಇರಬೇಕು. ಕೇಳಿದವರು ತಲೆದೂಗುತ್ತಾರೆ. ಹೇಳುತ್ತಿರುವ ಬಾಯಿ ಯಾವುದು ಎಂದು ಅವರಿಗೆ ಗೊತ್ತಿಲ್ಲ — ಅದಕ್ಕೇ ಬರೆದೆ. ಆ ಸಹಿ ನನ್ನದೇ, ನೀಲಕ್ಕ. ಇದರ ಕೆಳಗಿರುವುದೂ ನನ್ನದೇ.

ಈಗ ನನ್ನ ಹತ್ತಿರ ಇರುವುದು: ಎರಡು ಅಂಕಣದ ಮನೆ, ಒಂದು ಎಮ್ಮೆ, ಗಾರೆ ಮೆತ್ತುವ ಮೂರು ಕರಣೆ. ಪಂಚಾಯ್ತಿಗೆ ಒಂದು ಓಟು — ಇನ್ನೂ ಹಾಕಿಲ್ಲ.